ಮರೆಯುವ ಯಂತ್ರವೂ ನಮ್ಮ ಶಾಲೆಯ ರಸೀದಿ ಪುಸ್ತಕವೂ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೋದ ತಿಂಗಳು ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ನೀವು ಬಂದು ನಿಮ್ಮ ಕೆಲಸ ಏನು ಅಂತ ಮಕ್ಕಳಿಗೆ ಹೇಳಬೇಕು" ಅಂದರು. ನನಗೆ ಸ್ವಲ್ಪ ಹೆದರಿಕೆಯಾಯಿತು. ಇಪ್ಪತ್ತು ವರ್ಷದ ಮೇಲಾಯಿತು ನಾನು ಈ ಕೆಲಸ ಮಾಡುತ್ತಾ. ನಮ್ಮ ಅವ್ವ ಇವತ್ತಿಗೂ ಯಾರಾದರೂ ಕೇಳಿದರೆ "ಅದೇನೋ ಕಂಪ್ಯೂಟರ್ ಕೆಲಸವಂತೆ" ಅಂತಲೇ ಹೇಳುವುದು. ಅವ್ವನಿಗೇ ಹೇಳಲಾಗದ್ದನ್ನು ನಿಮಗೆಲ್ಲ ಹೇಗೆ ಹೇಳಲಿ? ಯೋಚಿಸುತ್ತಿದ್ದಾಗ ನೆನಪಾದದ್ದು ನಮ್ಮ ಶಾಲೆಯ ಆಫೀಸು ಕೋಣೆ, ಅಲ್ಲಿದ್ದ ಒಂದು ರಸೀದಿ ಪುಸ್ತಕ. ಆ ಕಥೆ ಹೇಳಿದರೆ ನನ್ನ ಕೆಲಸದ ಅರ್ಧ ಹೇಳಿದಂತೆ. ಅದನ್ನೇ ಮೊದಲು ಹೇಳುತ್ತೇನೆ.

ನಾನು ಹತ್ತನೆಯ ತರಗತಿಯಲ್ಲಿದ್ದದ್ದು 1993-94ರಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಶುಲ್ಕ ಕಟ್ಟುವ ಕಾಲ. ನಮ್ಮ ಮನೆಯಲ್ಲಿ ಆ ವರ್ಷ ರಾಗಿ ಸರಿಯಾಗಿ ಆಗಿರಲಿಲ್ಲ. ಎಲ್ಲರೂ ಕಟ್ಟಿದ ಮೇಲೆ, ನಾಲ್ಕು ದಿನ ತಡವಾಗಿ, ಅಪ್ಪ ಯಾರ ಹತ್ತಿರವೋ ಕೈಗಡ ತಂದು ಕೊಟ್ಟರು. ನಾನು ತಂದು ಕ್ಲಾಸ್ ಮೇಷ್ಟ್ರಿಗೆ ಕೊಟ್ಟೆ. ಮೇಷ್ಟ್ರು ನನ್ನನ್ನು ಆಫೀಸಿಗೆ ಕರೆದುಕೊಂಡು ಹೋಗಿ ಗುಮಾಸ್ತರಿಗೆ ಹಣ ಒಪ್ಪಿಸಿ, "ಪಟ್ಟಿಗೆ ನಿನ್ನ ಹೆಸರು ನಾನು ಸೇರಿಸ್ತೀನಿ, ನೀನು ಹೋಗು" ಅಂದರು. ಗುಮಾಸ್ತರು ಒಂದು ರಸೀದಿ ಹರಿದುಕೊಟ್ಟರು. ಅದನ್ನು ಅಂಗಿ ಜೇಬಿಗೆ ಹಾಕಿಕೊಂಡೆ. ಅವ್ವ ಅಂಗಿ ಒಗೆದಳು. ರಸೀದಿ ಹೋಯಿತು.

ಅದೇ ವಾರ ನಮ್ಮ ಕ್ಲಾಸ್ ಮೇಷ್ಟ್ರಿಗೆ ಬಡ್ತಿ ಬಂದು ವರ್ಗವಾಯಿತು. ಹಾರ ಹಾಕಿ ಬೀಳ್ಕೊಟ್ಟೆವು. ಅವರ ಜಾಗಕ್ಕೆ ಬಂದವರು ಪಟ್ಟಿ ಓದಿದಾಗ ಅದರಲ್ಲಿ ನನ್ನ ಹೆಸರೇ ಇಲ್ಲ. "ನಿನ್ನ ಹಣ ಬಂದಿಲ್ಲವಲ್ಲಪ್ಪ" ಅಂದರು. "ಕಟ್ಟಿದ್ದೀನಿ ಸಾರ್." "ರಸೀದಿ ಎಲ್ಲಿ?" ರಸೀದಿ ಇಲ್ಲ. ಆಗ ಫೋನು ಎಲ್ಲಿತ್ತು? ಇನ್ನೆರಡು ದಿನಕ್ಕೆ ಪಟ್ಟಿ ಬೋರ್ಡಿಗೆ ಹೋಗಬೇಕು. ನಾನು ಆಫೀಸಿನ ಬಾಗಿಲಲ್ಲಿ ಅಳುತ್ತಾ ನಿಂತಿದ್ದೆ. ಗುಮಾಸ್ತರು ಕನ್ನಡಕ ಏರಿಸಿ, "ಅಳಬೇಡ ಕಣೋ, ಕಾರ್ಬನ್ ಪ್ರತಿ ಇರ್ತದೆ" ಅಂದವರೇ ಬೀರು ತೆಗೆದು ರಸೀದಿ ಪುಸ್ತಕದ ಒಂದೊಂದೇ ಹಾಳೆ ತಿರುವಿದರು. ನೀಲಿ ಕಾರ್ಬನ್ ಅಕ್ಷರದಲ್ಲಿ ನನ್ನ ಹೆಸರಿತ್ತು. ನಾನು ಪರೀಕ್ಷೆ ಬರೆದೆ. ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಆ ದಿನ ನಾನು ಶುಲ್ಕ ಕಟ್ಟಿದ ಸಂಗತಿ ಮೂರು ಕಡೆ ಇತ್ತು. ಒಂದು, ಮೇಷ್ಟ್ರ ತಲೆಯಲ್ಲಿ. ಎರಡು, ನನ್ನ ಜೇಬಿನ ರಸೀದಿಯಲ್ಲಿ. ಮೂರು, ಆಫೀಸಿನ ಪುಸ್ತಕದಲ್ಲಿ. ಮೇಷ್ಟ್ರ ಜೊತೆ ಮೊದಲನೆಯದು ವರ್ಗವಾಗಿ ಹೋಯಿತು. ಎರಡನೆಯದು ಸೋಪಿನ ನೀರಿನಲ್ಲಿ ಹೋಯಿತು. ಉಳಿದದ್ದು ಮೂರನೆಯದು. ಈ ಮೂರು ಜಾಗಗಳ ಲೆಕ್ಕವೇ ನನ್ನ ಕೆಲಸ.

ಈಗ ಕಂಪ್ಯೂಟರಿನ ಮಾತಿಗೆ ಬರೋಣ. ನಮ್ಮ ಊರಿನವರು ಇವತ್ತು ಪಹಣಿಯನ್ನು ಫೋನಿನಲ್ಲೇ ನೋಡುತ್ತೀರಿ. ರೈಲು ಟಿಕೆಟ್ ತೆಗೆಯುತ್ತೀರಿ, ಕರೆಂಟ್ ಬಿಲ್ ಕಟ್ಟುತ್ತೀರಿ. ಆ ಕೆಲಸವನ್ನು ಪೂರ್ತಿ ನಿಮ್ಮ ಫೋನೇ ಮಾಡುವುದಿಲ್ಲ. ದೂರದಲ್ಲೆಲ್ಲೋ ಇರುವ ಸರ್ವರ್ ಎಂಬ ಯಂತ್ರವನ್ನು ಕೇಳುತ್ತದೆ, ಅದು ಉತ್ತರ ಕೊಡುತ್ತದೆ. ಒಂದು ಪ್ರಶ್ನೆ, ಒಂದು ಉತ್ತರ. ಇದನ್ನು ನಾವು ಒಂದು 'ಕಾಲ್', ಅಂದರೆ ಒಂದು ಕರೆ ಅನ್ನುತ್ತೇವೆ. ಸರ್ವರಿನ ಒಳಗೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ತುಂಡುಗಳಿರುತ್ತವೆ. ಒಂದು ನಿಮ್ಮ ಹೆಸರು ನೋಡುತ್ತದೆ, ಇನ್ನೊಂದು ಸೀಟು ಖಾಲಿ ಇದೆಯೇ ನೋಡುತ್ತದೆ, ಮತ್ತೊಂದು ಹಣ ತೆಗೆದುಕೊಳ್ಳುತ್ತದೆ. ಇವು ಸಾಫ್ಟ್‌ವೇರ್ ಘಟಕಗಳು. ನಾನು ಬರೆಯುವುದು ಇಂಥ ಘಟಕಗಳನ್ನು.

ಒಂದು ಟಿಕೆಟ್ ತೆಗೆಯಲು ಹತ್ತಾರು ಕರೆಗಳು ಬೇಕು. ಎಲ್ಲಿಂದ ಎಲ್ಲಿಗೆ, ಯಾವ ರೈಲು, ಯಾರ ಹೆಸರು, ಯಾವ ಬ್ಯಾಂಕು. ನಾಲ್ಕನೆಯ ಕರೆ ಬಂದಾಗ ಮೊದಲ ಮೂರರಲ್ಲಿ ಏನಾಯಿತು ಅನ್ನುವುದು ಗೊತ್ತಿರಬೇಕಲ್ಲವೇ? ಕೆಲಸ ಎಲ್ಲಿಯವರೆಗೆ ಬಂದಿದೆ ಅನ್ನುವ ಆ ಸಂಗತಿಗೆ ನಮ್ಮಲ್ಲಿ 'ಸ್ಟೇಟ್' ಅನ್ನುತ್ತಾರೆ, ಕನ್ನಡದಲ್ಲಿ 'ಸ್ಥಿತಿ' ಅನ್ನೋಣ. ಒಂದು ಕರೆಗೂ ಮುಂದಿನ ಕರೆಗೂ ನಡುವೆ ಆ ಸ್ಥಿತಿಯನ್ನು ಯಾರು ನೆನಪಿಟ್ಟುಕೊಳ್ಳಬೇಕು? ಪ್ರಶ್ನೆ ಇಷ್ಟೇ.

ವೆಬ್ ಹುಟ್ಟಿದಾಗ ಈ ಪ್ರಶ್ನೆಯೇ ಇರಲಿಲ್ಲ. 1989ರಲ್ಲಿ ಜಿನೀವಾ ಹತ್ತಿರದ ಸೆರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು, ವಿಜ್ಞಾನಿಗಳು ತಮ್ಮ ಕಾಗದಪತ್ರಗಳನ್ನು ಒಬ್ಬರಿಗೊಬ್ಬರು ತೋರಿಸಲು ಅನುಕೂಲವಾಗಲಿ ಎಂದು ಇದರ ಯೋಜನೆ ಹಾಕಿದರು. ಅದಕ್ಕೆ ಅವರು ಮಾಡಿದ ಮಾತುಕತೆಯ ನಿಯಮ ಎಚ್‌ಟಿಟಿಪಿ. ಈ ಪುಟ ಕೊಡು ಅಂದರೆ ಸರ್ವರ್ ಕೊಡುತ್ತದೆ, ಕೊಟ್ಟ ಮೇಲೆ ನಿಮ್ಮನ್ನು ಮರೆತುಬಿಡುತ್ತದೆ. ಮತ್ತೆ ಹೋದರೆ ನೀವು ಯಾರೋ, ಅದು ಯಾರೋ. ಓದುವುದಕ್ಕಾದರೆ ಇದು ಸಾಕು. ಆದರೆ ಅಂಗಡಿ ನಡೆಸುವುದಕ್ಕೆ? ಒಂದು ಸಾಮಾನು ಬುಟ್ಟಿಗೆ ಹಾಕಿ, ಇನ್ನೊಂದನ್ನು ನೋಡಲು ತಿರುಗುವಷ್ಟರಲ್ಲಿ ಅಂಗಡಿಯವನು "ನೀವು ಯಾರು?" ಅಂದರೆ ವ್ಯಾಪಾರ ಆಗುತ್ತದೆಯೇ?

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಎಂಬ ಎಂಜಿನಿಯರ್ ಇದಕ್ಕೊಂದು ದಾರಿ ಹುಡುಕಿದರು. ಸರ್ವರ್ ಒಂದು ಸಣ್ಣ ಚೀಟಿ ಬರೆದು ಗಿರಾಕಿಯ ಕೈಗೇ ಕೊಡುವುದು. ಗಿರಾಕಿಯ ಕಂಪ್ಯೂಟರ್ ಪ್ರತಿ ಸಲವೂ ಆ ಚೀಟಿಯನ್ನು ಜೊತೆಗೆ ತರುವುದು. ಚೀಟಿ ನೋಡಿದರೆ ಇವರು ಯಾರು, ಏನು ಕೊಂಡಿದ್ದಾರೆ ಗೊತ್ತಾಗುತ್ತದೆ. ಅದಕ್ಕೆ 'ಕುಕಿ' ಎಂದು ಹೆಸರಿಟ್ಟರು. ನಿಮ್ಮ ಫೋನಿನಲ್ಲಿ ಆಗಾಗ "ಕುಕಿಗಳನ್ನು ಒಪ್ಪುತ್ತೀರಾ" ಎಂದು ಕೇಳುತ್ತದಲ್ಲ, ಅದೇ ಇದು. ನನ್ನ ಅಂಗಿ ಜೇಬಿನ ರಸೀದಿ ಇದ್ದ ಹಾಗೆ.

"ಸರ್ವರ್ ಅಷ್ಟು ದೊಡ್ಡ ಯಂತ್ರ, ತಾನೇ ನೆನಪಿಟ್ಟುಕೊಳ್ಳಬಾರದೇ?" ಅಂತ ನೀವು ಕೇಳಬಹುದು. ಇಟ್ಟುಕೊಳ್ಳಬಹುದು. ಬಹಳ ದಿನ ಹಾಗೆಯೇ ಮಾಡಿದೆವು. 1998ರ ಹೊತ್ತಿಗೆ ಜಾವಾ ಭಾಷೆಯಲ್ಲಿ ಇಂಥ ಘಟಕಗಳಿಗೊಂದು ಪದ್ಧತಿ ಬಂತು. ಅದರಲ್ಲಿ ಎರಡು ಜಾತಿ ಇದ್ದವು: ಗಿರಾಕಿಯನ್ನು ನೆನಪಿಟ್ಟುಕೊಳ್ಳುವ ಘಟಕ, ಮರೆಯುವ ಘಟಕ. ನೆನಪಿಟ್ಟುಕೊಳ್ಳುವುದರಲ್ಲಿ ಎರಡು ತೊಂದರೆ ಇವೆ.

ಮೊದಲನೆಯದು ಹೊರೆ. ಹಿಟ್ಟಿನ ಮಿಲ್ಲಿನಲ್ಲಿ ರಾಗಿ ಡಬ್ಬ ಇಟ್ಟು "ಆಮೇಲೆ ಬರ್ತೀನಿ" ಎಂದು ಹೋದವರು ಬರದೇ ಹೋದರೆ ಏನಾಗುತ್ತದೆ? ಡಬ್ಬಗಳೇ ತುಂಬಿ ಮಿಲ್ಲಿನವನಿಗೆ ನಿಲ್ಲಲು ಜಾಗ ಇರುವುದಿಲ್ಲ. ಸರ್ವರಿನಲ್ಲೂ ಹಾಗೆ. ಅರ್ಜಿ ಅರ್ಧ ತುಂಬಿ ಎದ್ದು ಹೋದವರ ವಿಷಯವೆಲ್ಲ ಅದರ ನೆನಪಿನಲ್ಲಿ ಕುಳಿತಿರುತ್ತದೆ. ಹೋದವರು ಹೇಳಿ ಹೋಗುವುದಿಲ್ಲ. ಅದಕ್ಕೇ ಇಷ್ಟು ನಿಮಿಷ ಕಾದು ಅವರ ಡಬ್ಬ ಹೊರಗಿಡುತ್ತೇವೆ. ನೀವು ಅರ್ಜಿ ತುಂಬುತ್ತಾ ಎದ್ದು ಹೋಗಿ ಕಾಫಿ ಕುಡಿದು ಬಂದರೆ "ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ" ಎಂದು ಬರುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ. ನೀವು ಬಯ್ದುಕೊಳ್ಳುತ್ತೀರಿ, ನನಗೆ ಗೊತ್ತು.

ಎರಡನೆಯದು ವರ್ಗಾವಣೆ. ಬೆಳಿಗ್ಗೆ 10 ಗಂಟೆಗೆ ಎಸಿ ಬೋಗಿಗಳ ತತ್ಕಾಲ್ ಟಿಕೆಟ್ ತೆರೆಯುತ್ತದೆ, 11ಕ್ಕೆ ಸ್ಲೀಪರ್. ಆ ಕ್ಷಣಕ್ಕೆ ಇಡೀ ದೇಶ ಒಂದೇ ಬಾಗಿಲಿಗೆ ನುಗ್ಗುತ್ತದೆ. ಒಂದು ಯಂತ್ರದಿಂದ ಆಗುವ ಕೆಲಸವಲ್ಲ ಅದು. ಅಂಥ ಕಡೆ ಹಿಂದೆ ಅನೇಕ ಸರ್ವರ್‌ಗಳನ್ನು ಸಾಲಾಗಿ ನಿಲ್ಲಿಸಿ, ಬಂದವರನ್ನು ಹಂಚುವುದಕ್ಕೆ ಮುಂದೆ ಒಂದನ್ನು ಇಡುತ್ತಾರೆ. ನಿಮ್ಮ ಮೊದಲ ಪ್ರಶ್ನೆ ಒಂದನೆಯ ಯಂತ್ರಕ್ಕೆ ಹೋದರೆ, ಎರಡನೆಯದು ಐದನೆಯ ಯಂತ್ರಕ್ಕೆ ಹೋಗಬಹುದು. ಒಂದನೆಯದರ ತಲೆಯಲ್ಲಿದ್ದದ್ದು ಐದನೆಯದಕ್ಕೆ ಹೇಗೆ ಗೊತ್ತಾಗಬೇಕು? ಇವರನ್ನು ಸದಾ ಒಂದನೆಯದಕ್ಕೇ ಕಳಿಸು ಎಂದು ಕಟ್ಟುಹಾಕಬಹುದು. ಆದರೆ ಆ ಯಂತ್ರ ಕೆಟ್ಟು ನಿಂತರೆ ಅದನ್ನು ನಂಬಿದ್ದವರೆಲ್ಲರ ಅರ್ಧ ಕೆಲಸ ಅದರ ಜೊತೆ ಹೋಗುತ್ತದೆ. ನಮ್ಮ ಮೇಷ್ಟ್ರಿಗೆ ವರ್ಗವಾದ ಹಾಗೆ.

2000ದಲ್ಲಿ ರಾಯ್ ಫೀಲ್ಡಿಂಗ್ ಎಂಬ ಅಮೆರಿಕದ ವಿದ್ವಾಂಸರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವೈನ್ ಕೇಂದ್ರದಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧ ಬರೆದರು. ವೆಬ್‌ನ ಕಟ್ಟೋಣ ಹೇಗಿರಬೇಕು ಎಂದು ಅದರಲ್ಲಿ ಹೇಳುತ್ತಾ, ಪ್ರತಿಯೊಂದು ಕರೆಯೂ ತನ್ನನ್ನು ಅರ್ಥಮಾಡಿಕೊಳ್ಳಲು ಬೇಕಾದದ್ದೆಲ್ಲವನ್ನೂ ತಾನೇ ಹೊತ್ತು ತರಬೇಕು ಎಂಬ ನಿಯಮವನ್ನೂ ಇಟ್ಟರು. ಹೇಳಿದ್ದನ್ನೇ ಪ್ರತಿ ಸಲ ಹೇಳಬೇಕಾಗುತ್ತದೆ, ಅದು ನಷ್ಟವೇ, ಅದನ್ನೂ ಅವರು ಮುಚ್ಚಿಡಲಿಲ್ಲ. ಆದರೆ ಯಾವ ಯಂತ್ರ ಬೇಕಾದರೂ ಯಾವ ಕರೆಗೆ ಬೇಕಾದರೂ ಉತ್ತರ ಕೊಡಬಹುದು. ಒಂದು ಬಿದ್ದರೆ ಇನ್ನೊಂದು ನಿಲ್ಲುತ್ತದೆ.

ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಕಲಿತದ್ದು ತಪ್ಪು ಮಾಡಿ. ಅದನ್ನು ಇಲ್ಲಿ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಮ್ಮ ಗುರುಗಳ ಮುಂದೆ ಅಲ್ಲದೆ ಇನ್ನೆಲ್ಲಿ ಹೇಳಲಿ?

2005ರ ಸುಮಾರು. ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಒಂದು ವಿದ್ಯಾಸಂಸ್ಥೆಯ ಪ್ರವೇಶ ಅರ್ಜಿಗಳನ್ನು ತೆಗೆದುಕೊಳ್ಳುವ ಸಾಫ್ಟ್‌ವೇರ್ ನಮ್ಮ ತಂಡದ ಪಾಲಿಗೆ ಬಂತು. ಅರ್ಜಿ ಉಳಿಸುವ ಘಟಕವನ್ನು ನಾನು ಬರೆದೆ. ಅರ್ಜಿದಾರರ ಹೆಸರು ಮತ್ತು ಅಂಕಗಳನ್ನು ಘಟಕದ ಒಳಗೇ ಒಂದು ಕಡೆ ಇಟ್ಟುಕೊಂಡೆ, ಮುಂದಿನ ಹೆಜ್ಜೆಗೆ ಬೇಕಾಗುತ್ತದಲ್ಲ ಎಂದು. ನನಗೆ ತಿಳಿಯದಿದ್ದದ್ದು ಒಂದೇ. ಆ ಘಟಕ ಅರ್ಜಿದಾರರಿಗೆ ಒಂದೊಂದು ಇರಲಿಲ್ಲ. ಬಂದವರಿಗೆಲ್ಲ ಸೇರಿ ಇದ್ದದ್ದು ಒಂದೇ.

ಮಕ್ಕಳೇ, ಮೇಜಿನ ಮೇಲೆ ಒಂದೇ ಸ್ಲೇಟು ಇದೆ ಅಂದುಕೊಳ್ಳಿ. ನೀನು ಬಂದು ಅದರ ಮೇಲೆ ನಿನ್ನ ಹೆಸರು ಬರೆದೆ. ಅದನ್ನು ದಾಖಲೆ ಪುಸ್ತಕಕ್ಕೆ ಇಳಿಸುವ ಮೊದಲೇ ಪಕ್ಕದವಳು ಬಂದು ಒರೆಸಿ ತನ್ನ ಹೆಸರು ಬರೆದಳು. ಈಗ ನಿನ್ನ ಸಾಲಿಗೆ ಇಳಿಯುವುದು ಯಾರ ಹೆಸರು? ಅವಳದು. ನಾನೊಬ್ಬನೇ ಕುಳಿತು ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿಯೇ ಇತ್ತು, ಏಕೆಂದರೆ ಸ್ಲೇಟಿಗೆ ಬರುತ್ತಿದ್ದವನು ನಾನೊಬ್ಬನೇ. ಕೊನೆಯ ದಿನಾಂಕದ ಸಂಜೆ ಜನ ಒಟ್ಟಿಗೆ ಬಂದರು. ಹನ್ನೊಂದು ಅರ್ಜಿಗಳಲ್ಲಿ ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಅಂಕ ಕೂತಿತು.

ಮಾರನೆಯ ದಿನ ಆ ಹನ್ನೊಂದು ಮನೆಗಳಿಗೂ ಫೋನ್ ಮಾಡುವ ಕೆಲಸ ನನ್ನ ಪಾಲಿಗೇ ಬಂತು. ಹಳ್ಳಿಯ ಒಬ್ಬ ತಂದೆ ಫೋನ್ ಎತ್ತಿದರು. ಅವರು ಬಯ್ಯಲಿಲ್ಲ. "ನಮ್ಮ ಹುಡುಗಿ ಹೆಸರು ಲಿಸ್ಟಲ್ಲಿ ಇರ್ತದಾ ಸ್ವಾಮಿ?" ಎಂದು ಅಷ್ಟೇ ಕೇಳಿದರು. ನನಗೆ ಈ ಶಾಲೆಯ ಆಫೀಸಿನ ಬಾಗಿಲು ನೆನಪಾಯಿತು. ಅವತ್ತು ಅಳುತ್ತಾ ನಿಂತಿದ್ದವನು ನಾನು. ಇವತ್ತು ಪಟ್ಟಿಯಲ್ಲಿ ಹೆಸರು ತಪ್ಪಿಸಿದವನೂ ನಾನೇ.

ಆ ಹನ್ನೊಂದೂ ಸರಿಯಾದವು. ಹೇಗೆ ಅಂದರೆ, ನನ್ನ ತಂಡದ ಹಿರಿಯರೊಬ್ಬರು ಒಳಗೆ ಬಂದ ಪ್ರತಿಯೊಂದು ಕರೆಯನ್ನೂ ಬಂದದ್ದು ಬಂದ ಹಾಗೆ ಬೇರೊಂದು ಕಡೆ ಬರೆದಿಡುವ ಏರ್ಪಾಡು ಮಾಡಿಸಿದ್ದರು. ಆಗ ನಾನೇ "ಇದೆಲ್ಲ ಯಾಕೆ ಬೇಕು" ಎಂದು ಗೊಣಗಿದ್ದೆ. ಅದೇ ಕಾರ್ಬನ್ ಪ್ರತಿ. ಅದನ್ನು ನೋಡಿ ಯಾರ ಅಂಕ ಯಾರದೆಂದು ಬೇರ್ಪಡಿಸಿದೆವು. ಆ ಹುಡುಗಿಯ ಹೆಸರು ಪಟ್ಟಿಯಲ್ಲಿ ಅವಳದೇ ಅಂಕಗಳೊಂದಿಗೆ ಬಂತು.

ಆಮೇಲೆ ಆ ಘಟಕವನ್ನು ಮತ್ತೆ ಬರೆದೆ. ಈಗ ಅದರ ಒಳಗೆ ಯಾರ ಹೆಸರೂ ಉಳಿಯುವುದಿಲ್ಲ. ಬಂದವರು ತಮ್ಮ ಅರ್ಜಿ ಸಂಖ್ಯೆ ತರುತ್ತಾರೆ. ಘಟಕ ಆ ಸಂಖ್ಯೆ ಹಿಡಿದು ಡೇಟಾಬೇಸ್ ಎಂಬ ದಾಖಲೆ ಪುಸ್ತಕ ತೆರೆಯುತ್ತದೆ, ಅವರ ಸಾಲು ಓದುತ್ತದೆ, ಬರೆಯಬೇಕಾದದ್ದು ಬರೆಯುತ್ತದೆ, ಪುಸ್ತಕ ಮುಚ್ಚುತ್ತದೆ, ಮರೆಯುತ್ತದೆ. ಅಂದಿನಿಂದ ಹೊಸಬರು ಯಾರೇ ಬರಲಿ, ನಾನು ಅವರ ಬರಹ ತಿದ್ದುವಾಗ ಮೊದಲು ಕೇಳುವುದು ಒಂದೇ: "ಈ ಸಂಗತಿ ಎಲ್ಲಿ ಉಳಿಯುತ್ತದೆ? ನಾಳೆ ಈ ಯಂತ್ರ ಇಲ್ಲದಿದ್ದರೆ?"

ಇದರಿಂದ ನಿಮ್ಮ ಬಳಕೆಗೆ ಬರುವ ಎರಡು ಮಾತು ಹೇಳುತ್ತೇನೆ. ಒಂದು ಚೀಟಿಯ ಬಗ್ಗೆ. ಗಿರಾಕಿಯ ಕೈಗೆ ಚೀಟಿ ಕೊಟ್ಟರೆ ಅವನು ತಿದ್ದಬಹುದಲ್ಲ? ಅದಕ್ಕಾಗಿ ಸರ್ವರ್ ಅದರ ಮೇಲೆ ಗಣಿತದ ಲೆಕ್ಕದಿಂದ ಒಂದು ಮುದ್ರೆ ಒತ್ತುತ್ತದೆ. ಒಂದಕ್ಷರ ಬದಲಾದರೂ ಮುದ್ರೆ ಹೊಂದುವುದಿಲ್ಲ. ಆದರೆ ತಿದ್ದದೆ ಹಾಗೆಯೇ ಕದ್ದರೆ? ಅಲ್ಲಿ ಮುದ್ರೆ ಏನೂ ಮಾಡಲಾರದು. ಆದ್ದರಿಂದ ಸೈಬರ್ ಸೆಂಟರಿನಲ್ಲೋ ಇನ್ನೊಬ್ಬರ ಫೋನಿನಲ್ಲೋ ಕೆಲಸ ಮಾಡಿದರೆ ಲಾಗೌಟ್ ಆಗದೆ ಏಳಬೇಡಿ. ನಿಮ್ಮ ಚೀಟಿ ಆ ಯಂತ್ರದಲ್ಲೇ ಉಳಿದಿರುತ್ತದೆ. ಮುಂದೆ ಕುಳಿತವನು ನಿಮ್ಮ ಹೆಸರಿನಲ್ಲಿ ಒಳಗೆ ಹೋಗಬಹುದು.

ಎರಡನೆಯದು ಹಣದ ಬಗ್ಗೆ. 2016ರಲ್ಲಿ ಯುಪಿಐ ಬಂದ ಮೇಲೆ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೂ ಫೋನಿನಲ್ಲಿ ಹಣ ತೆಗೆದುಕೊಳ್ಳುತ್ತಾಳೆ. ನೀವು ಬಟನ್ ಒತ್ತಿದಿರಿ, ನೆಟ್‌ವರ್ಕ್ ಹೋಯಿತು. ಹಣ ಹೋಯಿತೋ ಇಲ್ಲವೋ? ನಿಮ್ಮ ಕರೆ ತಲುಪದೇ ಇರಬಹುದು, ಇಲ್ಲವೇ ತಲುಪಿ ಕೆಲಸ ಆಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ನಿಮ್ಮ ಕಡೆಯಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಅದಕ್ಕೇ ಸರಿಯಾಗಿ ಬರೆದ ಘಟಕ ಪ್ರತಿ ವ್ಯವಹಾರಕ್ಕೂ ಒಂದು ಸಂಖ್ಯೆ ಕೊಡುತ್ತದೆ, ಅದೇ ಸಂಖ್ಯೆ ಮತ್ತೆ ಬಂದರೆ ಮತ್ತೆ ಹಣ ತೆಗೆಯದೆ ಹಳೆಯ ಉತ್ತರವನ್ನೇ ಹೇಳುತ್ತದೆ. ಆದರೆ ನೀವು ಮೊದಲಿನಿಂದ ಶುರು ಮಾಡಿ ಮತ್ತೆ ಕಳಿಸಿದರೆ ಅದು ಹೊಸ ಸಂಖ್ಯೆ, ಹೊಸ ವ್ಯವಹಾರ. ಆದ್ದರಿಂದ ಅವಸರ ಮಾಡದೆ ಮೊದಲು ಹಿಂದಿನ ವ್ಯವಹಾರಗಳ ಪಟ್ಟಿ ನೋಡಿ. ಯುಪಿಐಯಲ್ಲಿ 12 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಬ್ಯಾಂಕಿಗೆ ಹೋಗುವುದಾದರೆ ಅದನ್ನು ಬರೆದುಕೊಂಡು ಹೋಗಿ. ಅದು ನಿಮ್ಮ ರಸೀದಿ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಇವತ್ತು ಬೆಳಿಗ್ಗೆ ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕ ತೆಗೆಸಿ ನನ್ನ ಸಾಲು ತೋರಿಸಿದರು. ನನ್ನ ಹೆಸರು, ಅಪ್ಪನ ಹೆಸರು, ಜನ್ಮ ದಿನಾಂಕ ಜೂನ್ 1. ನಮ್ಮ ಕಾಲದವರಲ್ಲಿ ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದ್ದೇವೆ ಅಂತ ಕೈ ಎತ್ತಿಸಿದರೆ ಅರ್ಧ ಸಭೆ ಕೈ ಎತ್ತುತ್ತದೆ! ಒಮ್ಮೆ ಬರೆದದ್ದು ತಪ್ಪಾದರೂ ಜೀವಮಾನವಿಡೀ ನಮ್ಮ ಜೊತೆ ಬರುತ್ತದೆ. ಪುಸ್ತಕವನ್ನು ನಂಬುವುದಾದರೆ ಅದರಲ್ಲಿ ಸರಿಯಾಗಿ ಬರೆಯುವ ಜವಾಬ್ದಾರಿಯೂ ಇದೆ ಎನ್ನುವುದಕ್ಕೆ ನಮ್ಮ ಹುಟ್ಟಿದ ದಿನವೇ ಸಾಕ್ಷಿ.

ಈ ಐವತ್ತು ವರ್ಷದಲ್ಲಿ ಎಷ್ಟೋ ಮೇಷ್ಟ್ರುಗಳು ಬಂದರು, ವರ್ಗವಾಗಿ ಹೋದರು. ನಾವೂ ಬಂದೆವು, ಹೋದೆವು. ಹೋಗದೆ ಇಲ್ಲೇ ಉಳಿದಿರುವುದು ಆ ಪುಸ್ತಕಗಳು. ಆದರೆ ಮೊದಲ ಕೆಲವು ವರ್ಷಗಳ ಪುಸ್ತಕಗಳ ಅಂಚು ಗೆದ್ದಲು ತಿಂದಿರುವುದನ್ನು ಇವತ್ತು ಕಣ್ಣಾರೆ ನೋಡಿದೆ. ಅಲ್ಲಿ ಅಳಿಸಿಹೋಗುವುದು ಯಾರೋ ಒಬ್ಬರ ಟಿಸಿ, ಯಾರದೋ ಪಿಂಚಣಿಗೆ ಬೇಕಾದ ವಯಸ್ಸಿನ ದಾಖಲೆ. ಹಳೆಯ ವಿದ್ಯಾರ್ಥಿಗಳಾದ ನಾವು ಒಂದು ಒಳ್ಳೆಯ ಕಬ್ಬಿಣದ ಬೀರು ಕೊಡಿಸೋಣ, ಇಲಾಖೆಯ ಒಪ್ಪಿಗೆ ಪಡೆದು ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿಸೋಣ. ಆ ಕೆಲಸಕ್ಕೆ ಬೇಕಾದ ಯಂತ್ರವನ್ನೂ ನನ್ನ ಬೇಸಿಗೆ ರಜೆಯ ಹತ್ತು ದಿನವನ್ನೂ ನಾನು ಕೊಡುತ್ತೇನೆ. ಜೊತೆಗೆ ನಾಲ್ಕು ಜನ ಬಂದರೆ ಸಾಕು. ಸಭೆ ಮುಗಿದ ಮೇಲೆ ಆಫೀಸಿನ ಮುಂದೆ ನಿಂತಿರುತ್ತೇನೆ, ಬಂದು ಹೆಸರು ಬರೆಸಿ.

ಆ ಗುಮಾಸ್ತರು ಇವತ್ತು ನಮ್ಮ ಜೊತೆ ಇಲ್ಲ. ಸೇವೆಯಲ್ಲಿದ್ದಷ್ಟು ದಿನವೂ ಅವರು ರಸೀದಿಯ ಕೆಳಗೆ ಕಾರ್ಬನ್ ಹಾಳೆ ಇಡುವುದನ್ನು ಮರೆಯಲಿಲ್ಲ. ಅವರು ಯಾವ ಕಂಪ್ಯೂಟರೂ ಮುಟ್ಟಿದವರಲ್ಲ. ನನ್ನ ಕಸುಬಿನ ಮೊದಲ ಪಾಠ ಮಾಡಿದವರು ಅವರೇ. ಅವರನ್ನು ನೆನೆಯುತ್ತಾ ನನ್ನ ಮಾತು ಮುಗಿಸುತ್ತೇನೆ.